ಆರು ತಿಂಗಳೂ ಬಾಳದ 324 ಅಕ್ಷರಗಳು

ಚೀನೀ ಭಾಷೆ ಕಲಿಯಲು ಹೊರಟವರಿಗೆ ಮೊದಲ ವಾರವೇ ಎದುರಾಗುವ ಪ್ರಶ್ನೆ: ಯಾವ ಲಿಪಿ, ಬೀಜಿಂಗಿನದೋ ತೈಪೆಯದೋ? ಸರಳ ಅಕ್ಷರ ಮಾವೋ ಕಾಲದ ಕೂಸು, ಸಾಂಪ್ರದಾಯಿಕ ಅಕ್ಷರ ಅವರ ವಿರೋಧಿಗಳು ಕಾಪಾಡಿಕೊಂಡ ಆಸ್ತಿ ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ಅಕ್ಷರಗಳನ್ನು ಸರಳಗೊಳಿಸಿ ಮೊದಲು ಪಟ್ಟಿ ಹೊರಡಿಸಿದ್ದು ಚಿಯಾಂಗ್ ಕೈ-ಶೇಕರ ರಾಷ್ಟ್ರೀಯವಾದಿ ಸರ್ಕಾರ. ಅದೂ 1935ರ ಆಗಸ್ಟ್ 21ರಂದು, ಕಮ್ಯುನಿಸ್ಟರು ಅಧಿಕಾರಕ್ಕೆ ಬರುವ 14 ವರ್ಷ ಮೊದಲು.

ಆ ಪಟ್ಟಿಯ ಹಿಂದಿದ್ದವರು ಚಿಯೆನ್ ಶುವಾನ್‌ಟಾಂಗ್. ಹಳೆಯ ಲಿಪಿ, ಉಚ್ಚಾರಣೆಗಳ ಆಳ ಬಲ್ಲ ಪಂಡಿತ. ಸಾಹಿತಿ ಲು ಶುನ್ ಕೈಗೆ ಲೇಖನಿ ಹಿಡಿಸಿದ ಗೆಳೆಯ. 1918ರಲ್ಲಿ ಚೀನೀ ಲಿಪಿಯನ್ನೇ ಕಿತ್ತೊಗೆಯಬೇಕೆಂದು ಬರೆದಿದ್ದವರು, 1922ರ ಹೊತ್ತಿಗೆ ಗೆರೆ ಕಡಿಮೆ ಮಾಡಿದರೆ ಸಾಕು ಎಂಬಲ್ಲಿಗೆ ಬಂದಿದ್ದರು. ಹೊಸದಾಗಿ ಏನನ್ನೂ ಸೃಷ್ಟಿಸಬೇಕಿಲ್ಲ, ಅಂಗಡಿಯ ಲೆಕ್ಕದ ಪುಸ್ತಕ, ಗಿರವಿ ಚೀಟಿ, ವೈದ್ಯರ ಔಷಧಿ ಚೀಟಿ, ಅಗ್ಗದ ಕಥೆ ಪುಸ್ತಕಗಳಲ್ಲಿ ಜನ ಸರಳ ರೂಪಗಳನ್ನು ಆಗಲೇ ಬರೆಯುತ್ತಿದ್ದಾರೆ ಎಂಬುದು ಅವರ ವಾದ. ‘ದೇಹ’ ಎಂಬ ಅಕ್ಷರವನ್ನೇ ನೋಡಿ. ಸಾಂಪ್ರದಾಯಿಕ ರೂಪಕ್ಕೆ 23 ಗೆರೆ. ಎಡಕ್ಕೆ ಮೂಳೆ, ಬಲಕ್ಕೆ ಪೂಜಾಪಾತ್ರೆಯಿಂದ ಬಂದ ಜಟಿಲ ಭಾಗ. ಜನ ಬಳಸಿದ ರೂಪದಲ್ಲಿ ಮನುಷ್ಯ, ಪಕ್ಕದಲ್ಲಿ ಬೇರು. ಏಳೇ ಗೆರೆ! ಆರೇಳು ವರ್ಷದ ಮಗುವಿನ ಕೈಗೆ ಯಾವುದು ಹಗುರ ಎಂದು ಕೇಳಬೇಕೆ?

ರಕ್ತದೊತ್ತಡದಿಂದ ನರಳುತ್ತಲೇ ಚಿಯೆನ್ 2,400ಕ್ಕೂ ಹೆಚ್ಚು ಅಕ್ಷರ ಕಲೆಹಾಕಿದರು. ಶಿಕ್ಷಣ ಸಚಿವ ವಾಂಗ್ ಶಿಜಿಯೆ ಒಪ್ಪಿ ಪ್ರಕಟಿಸಿದ್ದು 324. ಪ್ರಾಥಮಿಕ ಶಾಲೆಯ ಪಠ್ಯಗಳಿಗೂ ಮಕ್ಕಳ ಪುಸ್ತಕಗಳಿಗೂ ಅವೇ ಅಕ್ಷರಗಳು ಎಂದು ಆಜ್ಞೆಯಾಯಿತು. ಪಕ್ಷದ ಹಿರಿಯ ದಾಯ್ ಜಿತಾವ್ ಸಿಡಿದೆದ್ದರು. ಅಕ್ಷರ ಉಳಿಸಿಕೊಡಿ ಎಂದು ಚಿಯಾಂಗ್ ಮುಂದೆ ಮಂಡಿಯೂರಿದರು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಕಥೆ ಏನೇ ಇರಲಿ, 1936ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನು ಜಾರಿಗೆ ತರಬೇಕಿಲ್ಲ ಎಂಬ ಆದೇಶ ಬಂತು. ಚಿಯೆನ್ 1939ರಲ್ಲಿ ತೀರಿಕೊಂಡರು.

ನನಗೆ ಸಂಕಟವಾಗುವುದು ಇಲ್ಲೇ. ಅಂದು ಆ ಪಟ್ಟಿ ನೆಲೆಯೂರಿದ್ದರೆ, ಅಕ್ಷರ ಶಾಲೆಯ ವಿಷಯವಾಗಿಯೇ ಉಳಿಯುತ್ತಿತ್ತು, ಪಕ್ಷದ ಬಾವುಟ ಆಗುತ್ತಿರಲಿಲ್ಲ. 1956ರಲ್ಲಿ ಬೀಜಿಂಗ್ ತನ್ನ ಯೋಜನೆ ಪ್ರಕಟಿಸಿತು. 1964ರ ಹೊತ್ತಿಗೆ ಪಟ್ಟಿ 2,200 ದಾಟಿತು. ಜನ ಬರೆಯುತ್ತಿದ್ದ ರೂಪಗಳ ಜೊತೆ ಹೊಸದಾಗಿ ಕಟ್ಟಿದವೂ ಸೇರಿದವು. ‘ರಾಣಿ’ ಮತ್ತು ‘ಹಿಂದೆ’ ಎಂಬ ಬೇರೆಬೇರೆ ಅಕ್ಷರಗಳನ್ನು ಒಂದರಲ್ಲೇ ತುರುಕಿದರು. ಸರಳ ರೂಪ ಮಾತ್ರ ಕಲಿತವರು ಹಳೆಯ ಪುಸ್ತಕ ತೆರೆದಾಗ ಎಡವುವುದು ಇಂಥಲ್ಲೇ. ಅತ್ತ ರಾಷ್ಟ್ರೀಯವಾದಿಗಳು ಸೋತು ಸೇರಿದ್ದ ತೈವಾನ್‌ನಲ್ಲಿ 1954ರಲ್ಲಿ ಅವರದೇ ಪಕ್ಷದ ಲೋ ಚಿಯಾಲುನ್ ಸರಳೀಕರಣದ ಪರ ಬರೆದು ವಾದಕ್ಕೆ ಕಿಡಿ ಹಚ್ಚಿದ್ದರು. ಬೀಜಿಂಗ್ ಅದನ್ನೇ ಮಾಡಿದ ಮೇಲೆ ಆ ಮಾತೆತ್ತುವುದೇ ಕಷ್ಟವಾಯಿತು. ಸರಳ ಅಕ್ಷರ ಶತ್ರುವಿನ ಗುರುತಾಯಿತು.

ಹಾಗಿದ್ದೂ ತೈಪೆಯ ಬೀದಿಯಲ್ಲಿ ಜನ ತಮ್ಮ ದ್ವೀಪದ ಹೆಸರಿನ ಮೊದಲ ಅಕ್ಷರವನ್ನು 14 ಗೆರೆಗಳಲ್ಲಿ ಬರೆಯುವುದು ಅಪರೂಪ. ಅಂಗಡಿ ಫಲಕ, ಪತ್ರಿಕೆ, ಕೈಬರಹ, ಬಹುತೇಕ ಎಲ್ಲೆಡೆ ಐದೇ ಗೆರೆ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯನ್ನೂ ಅವರು ಕಾದವರಲ್ಲ.