ಸಂದ ಹಣ ಹಿಂದಿರುಗಿದಾಗ

೨೦೨೪ರ ಶ್ರಾವಣದ ಒಂದು ಸೋಮವಾರ. ಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆ. ಇಳಕಲ್ಲಿನಿಂದ ಅಣ್ಣನ ಸೊಸೆಯ ಕರೆ ಬಂತು. "ಮಾವಾರ, ಸೀರೀನೂ ಹೋದ್ವು, ರೊಕ್ಕಾನೂ ಹೋತು. ಇನ್ನ ಈ ಉಸಾಬರೀನ ಬ್ಯಾಡ, ಬಂದ್ ಮಾಡಿಬಿಡ್ತೀನ್ರಿ" ಎಂದಳು. ಅವಳ ದನಿ ಗದ್ಗದವಾಗಿತ್ತು.

ಈ ಹೆಣ್ಣುಮಗಳು ೨೦೨೦ರಲ್ಲಿ, ಕೊರೋನಾ ಕಾರಣದಿಂದ ಮಗ್ಗಗಳು ಸ್ತಬ್ಧವಾದಾಗ, ಪರಿಚಯದ ಎರಡು ನೇಕಾರ ಮನೆಗಳ ಸೀರೆಗಳನ್ನು ಅಂತರ್ಜಾಲದ ಮೂಲಕ ಮಾರಲಾರಂಭಿಸಿದವಳು. ಮೊದಮೊದಲು ನೆಂಟರಿಷ್ಟರಿಗೆ, ಆಮೇಲೆ ಪುಣೆ, ಬೆಂಗಳೂರುಗಳಿಗೆ, ಬರಬರುತ್ತಾ ಅಮೆರಿಕೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಅವಳ ಸೀರೆಗಳು ಹೋದವು. ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಜೋಳಿಗೆಯಲ್ಲಿ ಬೇಡಿದ ಮಹಾಂತ ಅಪ್ಪಗಳ ಊರು ಅದು. ಅಲ್ಲಿ ದುಡಿದು ತಿನ್ನುವವರಿಗೆ ಗೌರವವುಂಟು. ಮನೆಗೆಲಸ ಮುಗಿಸಿ, ರಾತ್ರಿ ಹನ್ನೊಂದರವರೆಗೆ ಕುಳಿತು ಗಂಟು ಕಟ್ಟುತ್ತಿದ್ದ ಸೊಸೆಯನ್ನು ಕಂಡು ಓಣಿಯವರೆಲ್ಲ ಮೆಚ್ಚಿದ್ದರು.

ನಡೆದದ್ದಿಷ್ಟು. ಜೂನ್ ತಿಂಗಳಲ್ಲಿ ಒಂದೇ ರಾತ್ರಿ ನಾಲ್ಕು ಕಸೂತಿ ಸೀರೆಗಳಿಗೆ ವಿದೇಶದಿಂದ ಬೇಡಿಕೆ ಬಂತು. ಬೆಲೆ ೩೮,೦೦೦ ರೂಪಾಯಿ. ಹಣ ಕಾರ್ಡಿನ ಮೂಲಕ ಸಂದಾಯವಾಯಿತು, ಮೂರು ದಿನಗಳಲ್ಲಿ ಖಾತೆಗೂ ಜಮೆಯಾಯಿತು. ಸೀರೆಗಳು ಹೋದವು, ತಲುಪಿದವು. ಎರಡು ತಿಂಗಳ ಬಳಿಕ ಅದೇ ೩೮,೦೦೦ ರೂಪಾಯಿಗಳನ್ನು, ಜೊತೆಗೊಂದು ಶುಲ್ಕವನ್ನೂ, ಆ ವಾರದ ಅವಳ ಮಾರಾಟದ ಹಣದಿಂದ ಪೇಮೆಂಟ್ ಗೇಟ್‌ವೇ ಸಂಸ್ಥೆಯವರು ಕಡಿದುಕೊಂಡಿದ್ದರು. ನೇಕಾರರಿಗೆ ಆಗಲೇ ಮಜೂರಿ ಕೊಟ್ಟಾಗಿತ್ತು.

ಬ್ಯಾಂಕಿನ ಸೇವೆಯಲ್ಲಿ ೩೧ ವರ್ಷ ಕಳೆದ ನಾನು ಚೆಕ್ಕು ಮರಳುವುದನ್ನು ಬಲ್ಲೆ. ಚೆಕ್ಕು ಮರಳಿದರೆ ಹಣ ಬರಲಿಲ್ಲವೆಂದು ಕೂಡಲೇ ತಿಳಿಯುತ್ತದೆ. ಬಂದು, ಜಮೆಯಾಗಿ, ಖರ್ಚೂ ಆದ ಹಣ ತಿಂಗಳುಗಳ ಅನಂತರ ಎದ್ದುಹೋಗುವುದೆಂದರೇನು? ಇದಕ್ಕೆ ಚಾರ್ಜ್‌ಬ್ಯಾಕ್ ಎಂಬ ಹೆಸರಿದೆಯೆಂದು ಕೇಳಿದ್ದೆನೇ ಹೊರತು ಅದರ ಒಳಹೊರಗು ನನಗೂ ತಿಳಿದಿರಲಿಲ್ಲ. ಅವಳ ನಿಮಿತ್ತ ನಾನೂ ಕಲಿಯಬೇಕಾಯಿತು. ಇಂದು ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸೀರೆ, ಖಣ, ಶೇಂಗಾ ಹಿಂಡಿ, ಖಡಕ್ ರೊಟ್ಟಿಗಳನ್ನು ಹೀಗೆಯೇ ಮಾರುತ್ತಿರುವುದರಿಂದ, ಕಲಿತದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಈ ಪದ್ಧತಿ ಮೂಲತಃ ಕೊಳ್ಳುವವರ ರಕ್ಷಣೆಗಾಗಿ ಹುಟ್ಟಿದ್ದು. ಅಮೆರಿಕೆಯಲ್ಲಿ ೧೯೭೪ರಲ್ಲಿ ಆದ ಕಾನೂನೊಂದು, ಕ್ರೆಡಿಟ್ ಕಾರ್ಡಿನ ಲೆಕ್ಕಪಟ್ಟಿಯಲ್ಲಿ ತಪ್ಪು ಕಂಡರೆ ೬೦ ದಿನಗಳೊಳಗೆ ಬರೆದು ತಿಳಿಸುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿತು. ತಾನು ಕೊಳ್ಳದ ವಸ್ತು, ಕೈಸೇರದ ವಸ್ತು, ಲೆಕ್ಕದ ತಪ್ಪು ಇವೆಲ್ಲ ಅದರಲ್ಲಿ ಸೇರಿದವು. ಕಾರ್ಡ್ ಜಾಲಗಳಾದ ವೀಸಾ, ಮಾಸ್ಟರ್‌ಕಾರ್ಡ್‌ಗಳು ತಮ್ಮದೇ ನಿಯಮಗಳನ್ನು ರಚಿಸಿಕೊಂಡು ಇದನ್ನು ಲೋಕಕ್ಕೆಲ್ಲ ವಿಸ್ತರಿಸಿದವು. ಈಗ ಸಾಮಾನ್ಯವಾಗಿ ೧೨೦ ದಿನಗಳವರೆಗೆ ತಕರಾರು ಎತ್ತಬಹುದು; ವಸ್ತು ಬರಬೇಕಾಗಿದ್ದ ದಿನದಿಂದ ಎಣಿಸುವ ಪ್ರಸಂಗಗಳೂ ಉಂಟು. ಆದಕಾರಣ ಜಮೆಯಾದ ಹಣ ಪೂರ್ತಿ ನಮ್ಮದೆಂದು ಮಾರುವವರು ನಾಲ್ಕು ತಿಂಗಳು ತಿಳಿಯಬಾರದು.

ತಕರಾರು ಸಾಗುವ ದಾರಿ ಹೀಗಿದೆ. ಕೊಂಡವರು ತಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರುತ್ತಾರೆ. ಆ ಬ್ಯಾಂಕು ಕಾರ್ಡ್ ಜಾಲದ ಮೂಲಕ ಮಾರುವವರ ಪರವಾಗಿ ಹಣ ಸ್ವೀಕರಿಸಿದ ಬ್ಯಾಂಕಿನಿಂದ ಹಣವನ್ನು ಸೆಳೆದುಕೊಳ್ಳುತ್ತದೆ. ಆ ಬ್ಯಾಂಕು ಗೇಟ್‌ವೇಯಿಂದ, ಗೇಟ್‌ವೇ ನಮ್ಮಿಂದ. ಹಣ ಮೊದಲು ಹೋಗುತ್ತದೆ, ವಿಚಾರಣೆ ಆಮೇಲೆ. ನಮಗೆ ಬರುವುದು ಒಂದು ಇ-ಮೇಲ್ ಮಾತ್ರ. ಉತ್ತರಿಸಲು ಅದರಲ್ಲಿ ಸೂಚಿಸಿದ ಗಡುವು ಎಷ್ಟೋ ಸಲ ಒಂದು ವಾರವನ್ನೂ ಮೀರಿರುವುದಿಲ್ಲ. ಗಡುವಿನೊಳಗೆ ಉತ್ತರಿಸದಿದ್ದರೆ ತಪ್ಪೊಪ್ಪಿಕೊಂಡಂತೆಯೇ ಎಣಿಕೆ. ಉತ್ತರಕ್ಕೆ ಎದುರು ಬ್ಯಾಂಕು ಒಪ್ಪದಿದ್ದರೆ ವಿವಾದವು ಕಾರ್ಡ್ ಜಾಲದ ಪಂಚಾಯಿತಿಯವರೆಗೆ ಹೋಗಬಹುದಾದರೂ ಅಲ್ಲಿ ಸೋತವರು ನೂರಾರು ಡಾಲರ್ ಶುಲ್ಕ ತೆರಬೇಕು. ಒಂದು ಸೀರೆಗಾಗಿ ಅಷ್ಟು ದೂರ ಹೋಗುವುದು ಆನೆಗಿಂತ ಅಂಕುಶದ ಬೆಲೆ ಹೆಚ್ಚಾದಂತೆ.

ನಮ್ಮ ಹುಡುಗಿ ಸುಮ್ಮನೆ ಕುಳಿತಿರಲಿಲ್ಲ. ಇಪ್ಪತ್ತು ಪುಟಗಳ ಉತ್ತರ ಕಳುಹಿಸಿದ್ದಳು. ಮಗ್ಗದ ಭಾವಚಿತ್ರ, ನೇಕಾರರ ಹೇಳಿಕೆ, ಕೊರಿಯರ್ ರಸೀದಿ, ತಲುಪಿದ ಬಗ್ಗೆ ಸಹಿ, ಎಲ್ಲವೂ ಅದರಲ್ಲಿದ್ದವು. ಆದರೂ ಸೋತಳು. ಏಕೆಂದು ಆ ಇ-ಮೇಲನ್ನು ನಾನು ನಿಧಾನವಾಗಿ ಓದಿದಾಗ ತಿಳಿಯಿತು. ಪ್ರತಿ ತಕರಾರಿಗೂ ಒಂದು ಕಾರಣ ಸಂಕೇತವಿರುತ್ತದೆ. ವೀಸಾದಲ್ಲಿ ೧೩.೧ ಎಂದರೆ ವಸ್ತು ಕೈಸೇರಲಿಲ್ಲ, ೧೩.೩ ಎಂದರೆ ಹೇಳಿದಂತೆ ಇರಲಿಲ್ಲ ಅಥವಾ ದೋಷವಿತ್ತು, ೧೦.೪ ಎಂದರೆ ಕಾರ್ಡ್ ಎದುರಿಗಿಲ್ಲದ ವ್ಯವಹಾರದಲ್ಲಿ ಮೋಸ, ಅಂದರೆ ಕಾರ್ಡಿನ ಒಡೆಯರು ಇದನ್ನು ಕೊಂಡೇ ಇಲ್ಲ. ಅವಳಿಗೆ ಬಂದದ್ದು ೧೦.೪. ಯಾರೋ ಕದ್ದ ಕಾರ್ಡಿನಿಂದ ಕೊಂಡು, ಬೇರೊಂದು ವಿಳಾಸಕ್ಕೆ ತರಿಸಿಕೊಂಡಿದ್ದರು. ಸೀರೆ ತಲುಪಿತೆಂದು ಸಾಧಿಸಿ ಪ್ರಯೋಜನವೇನು? ತಲುಪಿದ್ದು ಕಳ್ಳನಿಗೆ! ಕೇಳಿದ ಪ್ರಶ್ನೆ ಒಂದು, ಕೊಟ್ಟ ಉತ್ತರ ಇನ್ನೊಂದು.

ನಮ್ಮ ದೇಶದ ಕಾರ್ಡುಗಳಲ್ಲಿ ಈ ಬಗೆಯ ಹಾನಿ ಕಡಿಮೆ. ೨೦೦೯ರ ಆಗಸ್ಟ್‌ನಿಂದ ಅಂತರ್ಜಾಲದ ಕಾರ್ಡ್ ವ್ಯವಹಾರಗಳಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕು ಕಡ್ಡಾಯಗೊಳಿಸಿದ್ದು, ನಾವೆಲ್ಲ ಒಟಿಪಿ ಎನ್ನುವುದು ಅದರ ಫಲವೇ. ವಿದೇಶದಲ್ಲಿ ಕೊಟ್ಟ ಕಾರ್ಡುಗಳಿಗೆ ಆ ಕಡ್ಡಾಯವಿಲ್ಲ. ದೃಢೀಕರಣ ಪೂರ್ಣಗೊಂಡ ವ್ಯವಹಾರದಲ್ಲಿ ಮೋಸದ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಆಗದಿದ್ದಲ್ಲಿ ಮಾರಿದವರ ಮೇಲೆಯೇ ಉಳಿಯುತ್ತದೆ. ಆ ನಾಲ್ಕು ಸೀರೆಗಳ ಬೇಡಿಕೆಯಲ್ಲಿ ಎಚ್ಚರಿಸುವ ಸುಳಿವುಗಳಿದ್ದವು: ಹೊಸ ಗಿರಾಕಿ, ಒಮ್ಮೆಲೇ ನಾಲ್ಕು, ಬಣ್ಣ ದಡಿಗಳ ಬಗೆಗೆ ಒಂದು ಪ್ರಶ್ನೆಯೂ ಇಲ್ಲ, ಹಣದ ವಿಳಾಸ ಒಂದು, ತಲುಪಿಸುವ ವಿಳಾಸ ಇನ್ನೊಂದು, ಬೇಗ ಕಳುಹಿಸಿರೆಂಬ ಅವಸರ. ಇಳಕಲ್ ಸೀರೆಯನ್ನು ಗೋಮಿ ದಡಿಯೋ ಪರಾಸಪೇಟಿಯೋ ಎಂದು ಕೇಳದೆ ಕೊಳ್ಳುವ ಹೆಣ್ಣುಮಗಳನ್ನು ನಾನಂತೂ ಕಂಡಿಲ್ಲ. ಅಂಥ ಬೇಡಿಕೆ ಬಂದಾಗ ಎರಡು ದಿನ ತಡೆದು, ಗಿರಾಕಿಯೊಡನೆ ಮಾತಾಡಿ, ಸಂಶಯ ಉಳಿದರೆ ಹಣವನ್ನು ಬಂದ ದಾರಿಯಿಂದಲೇ ಮರಳಿಸಿಬಿಡುವುದು ಲೇಸು. ಮೊದಲಿನಿಂದ ಕೊಳ್ಳುತ್ತಿರುವವರ ವಿಷಯ ಬೇರೆ. ೨೦೨೩ರ ಏಪ್ರಿಲ್‌ನಿಂದ ವೀಸಾ ನಿಯಮದಲ್ಲಿ ಒಂದು ಅನುಕೂಲ ಬಂದಿದೆ. ಅದೇ ಕಾರ್ಡಿನಿಂದ ೧೨೦ ದಿನಗಳಿಗಿಂತ ಹಳೆಯದಾದ, ೩೬೫ ದಿನ ಮೀರದ, ತಕರಾರಿಲ್ಲದ ಎರಡು ಖರೀದಿಗಳನ್ನು ತೋರಿಸಿ, ಬಳಸಿದ ಸಾಧನ, ವಿಳಾಸ ಮುಂತಾದ ಗುರುತುಗಳು ಹೊಂದುತ್ತವೆಂದು ಸಿದ್ಧಪಡಿಸಿದರೆ "ನಾನು ಕೊಂಡಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಹಳೆಯ ಲೆಕ್ಕವನ್ನು ಕಾಯ್ದಿಟ್ಟವರಿಗೆ ಮಾತ್ರ ಇದರ ಪ್ರಯೋಜನ.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಭಂಡಾರದ ಹಣ ಪೋಲಾಯಿತೆಂಬ ಚಾಡಿ ಹೋದಾಗ, ಲೆಕ್ಕ ಎಣಿಸಿ ನೋಡಲು ಒಂದು ಕಾಸೂ ಕಡಿಮೆಯಿರಲಿಲ್ಲವೆಂಬ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಎಲ್ಲರೂ ಕೇಳಿದ್ದೇವೆ. ಅದನ್ನು ಭಕ್ತಿಯ ಪವಾಡವೆಂದು ಕೇಳಿ ತಲೆದೂಗುತ್ತಿದ್ದ ನನಗೆ, ಈ ಪ್ರಸಂಗದ ಬಳಿಕ ಅದರೊಳಗಿನ ಲೆಕ್ಕಪತ್ರದ ಶಿಸ್ತೂ ಕಾಣತೊಡಗಿದೆ.

ಎರಡನೆಯ ತಕರಾರಿನದು ನಗೆ ಬರಿಸುವ ಕಥೆ. ನ್ಯೂಜೆರ್ಸಿಯ ಗಿರಾಕಿಯೊಬ್ಬರು, ಎರಡು ಸಲ ಕೊಂಡು ಹೊಗಳಿ ಬರೆದವರು, ಮೂರನೆಯ ಖರೀದಿಯನ್ನು ತಾನು ಮಾಡಿಯೇ ಇಲ್ಲವೆಂದು ಬ್ಯಾಂಕಿಗೆ ದೂರಿದ್ದರು. ನಮ್ಮ ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಫೋನು ಮಾಡಿ ವಿಚಾರಿಸಿದರೆ, ಅವರ ಕಾರ್ಡಿನ ಪಟ್ಟಿಯಲ್ಲಿ ಮೂಡಿದ್ದು ಸೀರೆ ಅಂಗಡಿಯ ಹೆಸರಲ್ಲ, ನನ್ನ ಅಣ್ಣನ ಮಗನ ಅಡತಿ ಅಂಗಡಿಯ ಹೆಸರು! ಮಧ್ಯದಲ್ಲಿ ಖಾತೆ ಬದಲಿಸುವಾಗ ಗಂಡನ ವ್ಯಾಪಾರದ ಖಾತೆಗೆ ಜೋಡಿಸಿದ್ದರು. ಶೇಂಗಾ, ಸೂರ್ಯಕಾಂತಿ ವ್ಯಾಪಾರದ ಹೆಸರು ನೋಡಿದ ಆ ತಾಯಿ, ಯಾರೋ ತನ್ನ ಕಾರ್ಡು ಕದ್ದರೆಂದು ಗಾಬರಿಗೊಂಡಿದ್ದರು. ಪಾಪ, ಅವರದೇನು ತಪ್ಪು? ತಕರಾರು ಹಿಂತೆಗೆದುಕೊಳ್ಳುವುದಾಗಿ ಅವರು ತಮ್ಮ ಬ್ಯಾಂಕಿಗೆ ಬರೆದರು. ಗಿರಾಕಿ ಹಿಂತೆಗೆದುಕೊಂಡರೆಂದು ಸುಮ್ಮನಿರಬಾರದು. ಅವರ ಪತ್ರದ ಪ್ರತಿಯನ್ನು ಲಗತ್ತಿಸಿ ಗಡುವಿನೊಳಗೆ ನಾವೂ ಉತ್ತರ ಕೊಡಲೇಬೇಕು. ಹಾಗೆ ಮಾಡಿದ್ದರಿಂದ ಹಣ ಮರಳಿತು, ಆರು ವಾರ ಹಿಡಿಯಿತು. ಕಾರ್ಡಿನ ಪಟ್ಟಿಯಲ್ಲಿ ಯಾವ ಹೆಸರು ಮೂಡುತ್ತದೆಂದು ಮಾರುವವರು ತಾವೇ ಒಂದು ಚಿಕ್ಕ ಖರೀದಿ ಮಾಡಿ ನೋಡಿಕೊಳ್ಳತಕ್ಕದ್ದು.

ಇಲ್ಲಿಯೇ ಇನ್ನೊಂದು ಮಾತು. ತಕರಾರು ಬಂದೊಡನೆ ಕೆಲವರು ಅಂಜಿ ಗಿರಾಕಿಯ ಖಾತೆಗೆ ಯುಪಿಐ ಮೂಲಕ ಹಣ ಕಳುಹಿಸಿಬಿಡುತ್ತಾರೆ. ಬ್ಯಾಂಕು ತನ್ನ ಪಾಡಿಗೆ ತಾನು ಸೆಳೆದುಕೊಂಡಿರುತ್ತದೆ. ಹಣ ಎರಡು ಬಾರಿ ಹೋಗುತ್ತದೆ. ತಕರಾರು ನಡೆದಿರುವಾಗ ಬೇರೆ ದಾರಿಯಿಂದ ಹಣ ಕೊಡಲೇಬಾರದು. ಮೊದಲೇ ಮರಳಿಸಿದ್ದರೆ ಅದರ ದಾಖಲೆಯನ್ನೇ ಉತ್ತರವಾಗಿ ಕಳುಹಿಸಬೇಕು.

ಮೂರನೆಯ ತಕರಾರು ಮನೆಯವರೆಲ್ಲರನ್ನೂ ಯೋಚನೆಗೆ ಹಚ್ಚಿತು. ಬೆಂಗಳೂರಿನ ಗಿರಾಕಿ; ಬೆಲೆ ೯,೫೦೦ ರೂಪಾಯಿ. ಟೋಪ ತೆನಿ ಸೆರಗು ಶುದ್ಧ ರೇಷ್ಮೆಯದೆಂದು ನಮ್ಮವಳು ಬರೆದಿದ್ದಳು. ಕೊಂಡವರು ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿದರಂತೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಕಾಗದ ಸುಟ್ಟಂತೆ ವಾಸನೆ ಬಂತು. ಅಂದರೆ ಅದು ಚಮಕಾ, ಕೃತಕ ರೇಷ್ಮೆ. ಅವರು ಮೊದಲು ಅವಳಿಗೇ ಬರೆದಿದ್ದರು. ಮನೆಯಲ್ಲಿ ಮದುವೆಯ ಗದ್ದಲವಿದ್ದುದರಿಂದ ಹತ್ತು ದಿನ ಉತ್ತರ ಹೋಗಲಿಲ್ಲ. ಹನ್ನೊಂದನೆಯ ದಿನ ಅವರು ಬ್ಯಾಂಕಿಗೆ ಹೋದರು.

ನೇಕಾರರನ್ನು ಕೇಳಿದರೆ ತಮಗೆ ನೂಲು ಕೊಟ್ಟವನು ರೇಷ್ಮೆಯೆಂದೇ ಕೊಟ್ಟನೆಂದರು. ಗೇಟ್‌ವೇ ಸಂಸ್ಥೆಯ ಸಹಾಯಕರು, "ಹೋರಾಡಿ ಮೇಡಂ, ಸೀರೆಯನ್ನು ಅವರು ಮರಳಿಸಿಲ್ಲ, ಎಳೆ ಕಿತ್ತಿದ್ದಾರೆ, ಗೆಲ್ಲಬಹುದು" ಎಂದು ಧೈರ್ಯ ಹೇಳಿದರು. ಅವರೆಂದದ್ದು ಸುಳ್ಳಲ್ಲ, ದಾಖಲೆಗಳು ನಮ್ಮ ಕಡೆ ಚೆನ್ನಾಗಿದ್ದವು. ಹಿಂದಿನ ನಷ್ಟದ ಉರಿ ಆರದಿದ್ದ ನಮ್ಮವಳಿಗೂ ಇದನ್ನಾದರೂ ಗೆಲ್ಲುವ ಹಟ. ನಾನೂ ಉತ್ತರದ ಕರಡು ಬರೆಯಲು ಕುಳಿತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಆಗ ನಮ್ಮ ವೈನಿ, ಅಕ್ಕಿ ಆರಿಸುತ್ತಿದ್ದವರು, ತಲೆಯೆತ್ತದೆಯೇ ಕೇಳಿದರು: "ಸೆರಗು ರೇಷ್ಮೀದೋ ಚಮಕಾದ್ದೋ, ಅದನ್ನಷ್ಟ ಹೇಳ್ರಿ." ಯಾರೂ ಮಾತಾಡಲಿಲ್ಲ. "ಮಾರಯ್ಯ ನಾಕು ಕಾಳು ಹೆಚ್ಚಿಗಿ ತಂದ್ರ ಲಕ್ಕಮ್ಮ ತಿರುಗಿ ಸುರುವಿ ಬಾ ಅಂದಳಂತ. ಇದು ಒಂಬತ್ತೂವರೆ ಸಾವಿರ" ಎಂದು ಮತ್ತೆ ಅಕ್ಕಿಗೆ ಕೈಹಾಕಿದರು.

ತಕರಾರನ್ನು ಒಪ್ಪಿಕೊಂಡೆವು. ಹೇಳಿದ ಗುಣ ವಸ್ತುವಿನಲ್ಲಿಲ್ಲದಿದ್ದರೆ ಅದನ್ನು ಮರಳಿ ಪಡೆಯಲು, ಹಣ ಕೊಡಲು ಮಾರಾಟಗಾರ ನಿರಾಕರಿಸಬಾರದೆಂದು ೨೦೨೦ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳೂ ಹೇಳುತ್ತವೆ. ದೂರು ಬಂದದ್ದನ್ನು ೪೮ ಗಂಟೆಗಳೊಳಗೆ ಒಪ್ಪಿ ತಿಳಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕೆಂದೂ ಅವುಗಳಲ್ಲಿದೆ. ನಮ್ಮ ಹತ್ತು ದಿನಗಳ ಮೌನ ಅದರಿಂದಲೂ ತಪ್ಪೇ. ನೂಲಿನ ವ್ಯಾಪಾರಿಯನ್ನು ಬದಲಿಸಲಾಯಿತು. ಈಗ ಪ್ರತಿ ಹೊಸ ಕಂತಿನ ನೂಲಿನಿಂದ ಒಂದೆಳೆಯನ್ನು ಮನೆಯಲ್ಲೇ ಸುಟ್ಟು ನೋಡಿ, ಆ ಬಳಿಕ ಮಾರಾಟದ ವಿವರ ಬರೆಯುತ್ತಾಳೆ.

ಕಾರ್ಡಿನ ತೊಡಕು ಬೇಡವೆಂದು ಯುಪಿಐ ಒಂದನ್ನೇ ನೆಚ್ಚುವವರಿದ್ದಾರೆ. ಗಿರಾಕಿ ತಾನೇ ಪಿನ್ ಒತ್ತಿ ಕೊಡುವುದರಿಂದ ಅಲ್ಲಿ ತಕರಾರು ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಹಣ ಹೋಗಿ ವ್ಯಾಪಾರಿಗೆ ಖಚಿತವಾಗದಿದ್ದರೆ ಐದು ದಿನಗಳೊಳಗೆ ಗಿರಾಕಿಗೆ ತಾನಾಗಿ ಮರಳಬೇಕೆಂದು ರಿಸರ್ವ್ ಬ್ಯಾಂಕಿನ ೨೦೧೯ರ ಆದೇಶವಿದೆ. ಆದುದರಿಂದ ಗಿರಾಕಿ ತೋರಿಸುವ ಚಿತ್ರವನ್ನು ನಂಬದೆ, ನಮ್ಮ ಖಾತೆಗೆ ಜಮೆಯಾದದ್ದನ್ನು ಕಂಡೇ ಗಂಟು ಕಟ್ಟಬೇಕು. ವಂಚಕನೊಬ್ಬ ಯಾರದೋ ಹಣ ಲಪಟಾಯಿಸಿ ಅದರಿಂದ ನಮ್ಮಲ್ಲಿ ಸಾಮಾನು ಕೊಂಡಿದ್ದರೆ, ಹಣ ಕಳೆದುಕೊಂಡವರು ೧೯೩೦ ಸಂಖ್ಯೆಗೆ ದೂರು ಕೊಟ್ಟಾಗ ಆ ಹಣದ ಜಾಡು ನಮ್ಮ ಖಾತೆಗೂ ಬಂದು, ಅಷ್ಟು ಮೊತ್ತಕ್ಕೆ ತಡೆ ಬೀಳಬಹುದು. ವ್ಯಾಪಾರದ ಖಾತೆ ಬೇರೆ, ಮನೆಖರ್ಚಿನ ಖಾತೆ ಬೇರೆ ಇಟ್ಟವರು ಆಗ ಹಾಲು ಕಾಯಿಪಲ್ಲೆಗೆ ಪರದಾಡುವುದಿಲ್ಲ.

ಅಂದು ಅಂಗಡಿ ಮುಚ್ಚುತ್ತೇನೆಂದವಳು ಮುಚ್ಚಲಿಲ್ಲ. ಪ್ರತಿ ಸೀರೆಗೂ ಒಂದು ಲಕೋಟೆ ಮಾಡಿದ್ದಾಳೆ. ಬೇಡಿಕೆಯ ಪ್ರತಿ, ಗಿರಾಕಿಯೊಡನೆ ನಡೆದ ಪತ್ರವ್ಯವಹಾರ, ಗಂಟು ಕಟ್ಟುವ ಮುನ್ನ ತೆಗೆದ ಸೆರಗು ಮತ್ತು ದಡಿಯ ಭಾವಚಿತ್ರ, ತೂಕ ನಮೂದಿಸಿದ ರಸೀದಿ, ಎಲ್ಲ ಅದರಲ್ಲಿ. ೨೦೨೫ರ ಆಗಸ್ಟ್ ಕೊನೆಯಲ್ಲಿ ಅಮೆರಿಕೆಯ ಸುಂಕದ ನಿಯಮ ಬದಲಾಗಿ ಭಾರತೀಯ ಅಂಚೆ ಇಲಾಖೆ ಅಲ್ಲಿಗೆ ಸಾಮಾನು ಒಯ್ಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ, ಬೇಡಿಕೆ ಕೊಟ್ಟಿದ್ದ ಪ್ರತಿಯೊಬ್ಬರಿಗೂ ಆ ವಾರವೇ ಬರೆದು, ಕಾಯುವಿರೋ ಹಣ ಮರಳಿಸಲೋ ಎಂದು ಕೇಳಿದಳು. ಏಳು ಮಂದಿಯಲ್ಲಿ ಐವರು ಕಾಯುತ್ತೇವೆಂದರು, ಒಬ್ಬರು ಹಣ ಪಡೆದರು. ಉತ್ತರವನ್ನೇ ಬರೆಯದ ಏಳನೆಯವರಿಂದ ೧೩.೧ ತಕರಾರು ಬಂತು. ಲಕೋಟೆಯಲ್ಲಿದ್ದ ಪತ್ರಗಳನ್ನು ಮೂರೇ ಪುಟಗಳಲ್ಲಿ ಜೋಡಿಸಿ ಮರುದಿನವೇ ಕಳುಹಿಸಿದಳು. ಸೀರೆ ತಲುಪದಿದ್ದುದು ನಿಜವಾದ್ದರಿಂದ ಹಣ ಗಿರಾಕಿಗೇ ಹೋಯಿತು. ಸೀರೆ ಮನೆಯ ಕಪಾಟಿನಲ್ಲಿಯೇ ಇತ್ತು, ದಸರೆಗೆ ಹುಬ್ಬಳ್ಳಿಯವರೊಬ್ಬರು ಕೊಂಡರು.