ತನಗೆ ಸಲ್ಲದ ಅಂಕ



ಗಂಜಾಂನಲ್ಲಿ, ನಿಮಿಷಾಂಬಾ ದೇವಾಲಯಕ್ಕೆ ಸಮೀಪವಿರುವ ಭಕ್ತರೊಬ್ಬರ ಮನೆಗೆ ನಾವು ಶಿವಪೂಜೆಯ ನಿಮಿತ್ತ ಹೋಗಿದ್ದೆವು. ಆ ಮನೆಯ ಮಗಳು ಪಿಯುಸಿ ಮುಗಿಸಿ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪ್ರವೇಶ ಪಡೆದಿದ್ದಳು. ಪ್ರಸಾದವಾದ ಬಳಿಕ ಆಕೆಯ ತಂದೆಯವರು ನಮ್ಮೆದುರು ಒಂದು ಸಂಗತಿಯನ್ನಿಟ್ಟರು.

"ಗುರುಗಳೇ, ಮುಂದಿನ ವಾರ ಮಗುವಿಗೆ ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಬರೆಯುವುದು. ಮೈಸೂರಿನಿಂದ ಅವಳ ಸೋದರಮಾವನನ್ನು ಕರೆಸುತ್ತೇನೆ, ಅವನು ಇಂಜಿನಿಯರ್, ಪಕ್ಕದಲ್ಲಿ ಕೂರಲಿ ಎಂದರೆ ಇವಳು ಒಪ್ಪುತ್ತಿಲ್ಲ. ತಾವೊಂದು ಮಾತು ಹೇಳಬೇಕು."

ನಾವು ಮೊದಲು ಮಗಳಿಂದಲೇ ವಿಷಯವನ್ನು ತಿಳಿದುಕೊಂಡೆವು. ಇಲ್ಲಿ ಪ್ಲೇಸ್‌ಮೆಂಟ್ ಎಂದರೆ ಉದ್ಯೋಗ ದೊರಕಿಸುವುದಲ್ಲ; ವಿದ್ಯಾರ್ಥಿಯು ಯಾವ ಗಣಿತದ ತರಗತಿಯಿಂದ ಆರಂಭಿಸಬೇಕೆಂಬುದನ್ನು ನಿರ್ಣಯಿಸುವುದು. ಆಕೆ ಬರೆಯಬೇಕಾಗಿದ್ದುದು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಬಳಸುವ 'ಅಲೆಕ್ಸ್' ಎಂಬ ಪರೀಕ್ಷೆ. ಪ್ರಶ್ನೆಗಳು ಹೆಚ್ಚೆಂದರೆ ೩೦. ಭಿನ್ನರಾಶಿ, ಬೀಜಗಣಿತ, ಲಘುಗಣಕ, ತ್ರಿಕೋನಮಿತಿಗಳೆಲ್ಲವೂ ಅದರಲ್ಲಿ ಬರುತ್ತವೆ. ಒಂದು ಉತ್ತರವನ್ನು ನೋಡಿ ಯಂತ್ರವು ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ಫಲಿತಾಂಶ ೦ಯಿಂದ ೧೦೦ರವರೆಗಿನ ಒಂದು ಸಂಖ್ಯೆ. ಅದರಲ್ಲಿ ತೇರ್ಗಡೆಯೂ ಇಲ್ಲ, ಅನುತ್ತೀರ್ಣವೂ ಇಲ್ಲ.

ಇದರ ತಳಹದಿಯಾದ ಸಿದ್ಧಾಂತವನ್ನು ದ್ವಾನ್ಯೊ ಮತ್ತು ಫಾಲ್ಮಾನ್ ಎಂಬ ವಿದ್ವಾಂಸರು ೧೯೮೫ರಲ್ಲಿ ಪ್ರಕಟಿಸಿದರು. ಒಂದು ವಿಷಯದ ಅರಿವು ಮತ್ತೊಂದರ ಅರಿವಿನ ಮೇಲೆ ನಿಂತಿರುತ್ತದೆ. ಆದುದರಿಂದ ಕೆಲವೇ ಪ್ರಶ್ನೆಗಳಿಂದ ಕಲಿತವನ ಒಟ್ಟು ಅರಿವಿನ ನೆಲೆಯನ್ನು ಊಹಿಸಬಹುದೆಂಬುದು ಅದರ ಸಾರ. ನಮಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಪ್ರತಿ ಪ್ರಶ್ನೆಯ ಜೊತೆಗೂ 'ನನಗೆ ಗೊತ್ತಿಲ್ಲ' ಎಂದು ತಿಳಿಸುವ ಗುಂಡಿಯೊಂದು ಇರುತ್ತದೆ. ಅರಿಯದುದನ್ನು ಅರಿಯೆನೆಂದು ಒಪ್ಪಿಕೊಳ್ಳಲು ಎಡೆಕೊಡುವ ಪರೀಕ್ಷೆಗಳು ಎಷ್ಟಿವೆ?

"ತ್ರಿಕೋನಮಿತಿ ನನಗೆ ಗಟ್ಟಿಯಿಲ್ಲ, ಗುರುಗಳೇ. ಮಾವ ಹೇಳಿಕೊಟ್ಟು ಅಂಕ ಬಂದರೆ ನೇರವಾಗಿ ಕಲನಶಾಸ್ತ್ರದ ತರಗತಿಗೆ ಕೂರಿಸುತ್ತಾರೆ. ಅಲ್ಲಿ ಮಾವ ಇರುವುದಿಲ್ಲವಲ್ಲ" ಎಂದಳು ಮಗಳು.

ತಂದೆಯವರ ಸಂಕಟವೂ ಸುಳ್ಳಲ್ಲ. ಕೆಳಗಿನ ತರಗತಿಯಿಂದ ಆರಂಭಿಸಿದರೆ ಒಂದು ವಿಷಯದ ಶುಲ್ಕ ಹೆಚ್ಚಾಗಿ ಬೀಳುತ್ತದೆ. ಸಾಲಮಾಡಿ ಮಗಳನ್ನು ಕಳುಹಿಸುವ ಮನೆಗೆ ಅದು ಹಗುರವಾದ ಹೊರೆಯಲ್ಲ.

ಆಗ ನಮಗೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮನವರು. ಒಂದು ದಿನ ಮಾರಯ್ಯನವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮನೆಗೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಹಿಂದಕ್ಕೆ ಸುರಿದು ಬರಬೇಕೆಂದು ಆ ತಾಯಿ ಹೇಳಿದರು. ಬಡತನದಲ್ಲಿದ್ದವರಿಗೆ ಹಿಡಿಯಕ್ಕಿಯೂ ದೊಡ್ಡದೇ. ಆದರೂ ತಮಗೆ ಸಲ್ಲದುದನ್ನು ಅವರು ಮನೆಯೊಳಗೆ ಇರಿಸಿಕೊಳ್ಳಲಿಲ್ಲ. ಈ ಪ್ರಸಂಗವನ್ನು ನೆನಪಿಸಿ, "ಯಜಮಾನರೇ, ಸಲ್ಲದ ಅಂಕವೂ ಆ ಅಕ್ಕಿಯಂತೆಯೇ. ಅದನ್ನು ಹೊತ್ತು ದೂರದ ದೇಶದಲ್ಲಿ ಒಬ್ಬಳೇ ನಡೆಯಬೇಕಾದವಳು ನಿಮ್ಮ ಮಗಳು" ಎಂದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಮಾವನಿಗೆ ತಾವೇ ಫೋನ್ ಮಾಡಿ ಬರುವುದು ಬೇಡವೆಂದರು.

ಮಗಳು ಒಬ್ಬಳೇ ಕುಳಿತು ಬರೆದಳು. ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದೇ ಒತ್ತಿದಳು. ಅಂಕ ಕಡಿಮೆ ಬಂದಿತು. ಈ ಪರೀಕ್ಷೆಯ ತರುವಾಯ ಬಲಹೀನವಾದ ಭಾಗಗಳನ್ನು ಅಭ್ಯಾಸಮಾಡಿ ಮತ್ತೆ ಬರೆಯಲು ಅವಕಾಶವುಂಟು. ಎಷ್ಟು ಸಲ, ಎಷ್ಟು ಅಂತರದಲ್ಲಿ ಎಂಬುದನ್ನು ಆಯಾ ವಿಶ್ವವಿದ್ಯಾಲಯವು ಗೊತ್ತುಪಡಿಸುತ್ತದೆ. ಮೂರು ವಾರ ಅಭ್ಯಾಸಮಾಡಿ ಆಕೆ ಎರಡನೆಯ ಸಲ ಬರೆದಾಗ ಅಂಕ ಏರಿತು. ಆದರೂ ಕಲನಶಾಸ್ತ್ರಕ್ಕೆ ಒಂದು ಮೆಟ್ಟಿಲು ಕೆಳಗಿನ ತರಗತಿಯೇ ದೊರೆಯಿತು. ತಂದೆಯವರು ಆ ಶುಲ್ಕವನ್ನು ಕಟ್ಟಿದರು.

ಇಂತಹ ಪರೀಕ್ಷೆ ಎದುರಿರುವ ಮನೆಗಳಲ್ಲಿ ಪಾಲಕರು ಮಾಡಬೇಕಾದುದು ಇಷ್ಟೇ: ವಿಶ್ವವಿದ್ಯಾಲಯದ ನಿಯಮಗಳನ್ನು ಮೊದಲೇ ಮಗುವಿನೊಡನೆ ಕುಳಿತು ಓದಿರಿ. ಹಳೆಯ ಪಾಠಗಳ ಮನನಕ್ಕೆ ಕೆಲವು ವಾರ ಬಿಡುವು ಕೊಡಿರಿ. ವಿದ್ಯುತ್ತು ಹೋದರೂ ತೊಂದರೆಯಾಗದಂತೆ ಲ್ಯಾಪ್‌ಟಾಪನ್ನು ಚಾರ್ಜ್ ಮಾಡಿಡಿರಿ. ಆಮೇಲೆ ಕೋಣೆಯ ಬಾಗಿಲನ್ನು ಎಳೆದುಕೊಂಡು ಹೊರಗೆ ಬನ್ನಿರಿ.

ಆ ಮಗಳು ಇಷ್ಟಲಿಂಗವನ್ನು ಧರಿಸಿ ಹೊರಟ ದಿನ ನಮಗೆ ನಮಸ್ಕರಿಸಿ, "ಗುರುಗಳೇ, ಭಯವಿಲ್ಲ. ನನಗೆ ಎಷ್ಟು ಬರುತ್ತದೆಂದು ನನಗೆ ಗೊತ್ತಿದೆ" ಎಂದಳು. ಅರಿವನ್ನೇ ಗುರುವಾಗಿ ಕಂಡ ಶರಣರ ಮನೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬುತ್ತಿ ಬೇಕಿಲ್ಲ.