ಜಿಡ್ಡು ತೊಳೆಯುವವರ ಜ್ವರ

ಲೋಹದ ಬಿಡಿಭಾಗಗಳಿಗೆ ಅಂಟಿದ ಎಣ್ಣೆ ಜಿಡ್ಡನ್ನು ಕರಗಿಸಲು ಕಾರ್ಖಾನೆಗಳು ಬಳಸುತ್ತ ಬಂದ ದ್ರವಗಳಲ್ಲಿ ಟ್ರೈಕ್ಲೋರೋಎಥಿಲೀನ್ ಒಂದು. ಬಣ್ಣವಿಲ್ಲ, ವಾಸನೆ ತುಸು ಸಿಹಿ. ತೊಳೆದ ವಸ್ತು ಬೇಗ ಒಣಗುತ್ತದೆಂಬುದೇ ಇದರ ಹೆಗ್ಗಳಿಕೆ. ಒಣಗುವುದೆಂದರೆ ಆವಿಯಾಗುವುದು; ಆವಿ ಸೇರುವುದು ತೊಳೆಯುವವರ ಉಸಿರನ್ನು.

ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಕಾರ್ಖಾನೆಗಳು ಹೆಚ್ಚಿದ 1990ರ ದಶಕದಿಂದೀಚೆಗೆ ಈ ಕೆಲಸದವರಲ್ಲಿ ಒಂದು ಬೇನೆ ಮತ್ತೆ ಮತ್ತೆ ಕಾಣಿಸಿತು. ಕೆಲಸಕ್ಕೆ ಸೇರಿದ ಸುಮಾರು ಒಂದು ತಿಂಗಳಲ್ಲೇ ಜ್ವರ, ಮೈತುಂಬ ಕೆಂಪು ದದ್ದು. ಜೊತೆಗೆ ಯಕೃತ್ತಿನ ಉರಿಯೂತ. ಕೆಲವರು ಬದುಕಲಿಲ್ಲ. ಅದೇ ಕೋಣೆಯಲ್ಲಿ ಅದೇ ಗಾಳಿಯನ್ನು ಉಸಿರಾಡಿದ ಹೆಚ್ಚಿನವರಿಗೆ ಏನೂ ಆಗಲಿಲ್ಲ.

ವಿಷದ ಪ್ರಮಾಣವೊಂದರಿಂದಲೇ ಇದನ್ನು ವಿವರಿಸಲಾಗದು. ಕೆಲವರ ದೇಹದ ರಕ್ಷಣಾವ್ಯವಸ್ಥೆಯೇ ಅವರ ಚರ್ಮಕ್ಕೂ ಯಕೃತ್ತಿಗೂ ಎದುರಾಳಿಯಾಗುತ್ತದೆ. ಎಚ್‌ಎಲ್‌ಎ-ಬಿ 13:01 ಎಂಬ ವಂಶವಾಹಿ ರೂಪವುಳ್ಳವರಿಗೆ ಅಪಾಯ ಹೆಚ್ಚೆಂದು 2007ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದರು. ವಿಚಿತ್ರವೆಂದರೆ, ಕುಷ್ಠರೋಗದ ಔಷಧವಾದ ಡ್ಯಾಪ್ಸೋನ್ ಒಗ್ಗದವರಲ್ಲಿಯೂ ಇದೇ ಗುರುತು 2013ರಲ್ಲಿ ಕಂಡುಬಂತು.

ನೋಟಕ್ಕೆ ಈ ದದ್ದು ಔಷಧ ಒಗ್ಗದೆ ಏಳುವ ದದ್ದಿನಂತೆಯೇ ಇರುತ್ತದೆ. ಆದ್ದರಿಂದ ‘ಯಾವ ಮಾತ್ರೆ ನುಂಗಿದಿರಿ?’ ಎಂದಷ್ಟೇ ಕೇಳುವ ವೈದ್ಯರು ದಾರಿ ತಪ್ಪುವುದುಂಟು. ರೋಗಿಯ ಕಸುಬೇನೆಂದು ಕೇಳಬೇಕೆಂದು ಇಟಲಿಯ ರಮಝೀನಿ 1700ರಷ್ಟು ಹಿಂದೆಯೇ ಬರೆದಿದ್ದ. ಇಲ್ಲಿ ಆ ಪ್ರಶ್ನೆಗೆ ಪ್ರಾಣದ ಬೆಲೆಯಿದೆ: ಕಾರಣ ತಿಳಿಯದೆ ಗುಣವಾದವನು ಅದೇ ತೊಟ್ಟಿಯ ಬಳಿಗೆ ಮರಳಿದರೆ ದದ್ದು ಮತ್ತೆ ಏಳಬಹುದು.